ಬಾಡು ತಗೊಂಡರು, ಪಾಲು ಬಿಟ್ಟರು

ಹೊಟ್ಟೆ ತುಂಬಿದವರಿಗೆ ಈಗ ಕಲ್ಲಿನ ಕಾಲದ ಹಸಿವು ಹುಟ್ಟಿದೆ. ಲಕ್ಷಾಂತರ ವರ್ಷಗಳ ಹಿಂದೆ ಕಾಡಿನಲ್ಲಿ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುತ್ತಿದ್ದ ಮನುಷ್ಯ ಏನು ತಿನ್ನುತ್ತಿದ್ದನೋ ಅದನ್ನೇ ತಿನ್ನಬೇಕಂತೆ. ಹಾಗೆ ತಿಂದರೆ ಬೊಜ್ಜು ಕರಗುತ್ತದಂತೆ, ಸಕ್ಕರೆ ಕಾಯಿಲೆ ಹತ್ತಿರ ಸುಳಿಯುವುದಿಲ್ಲವಂತೆ. ಈ ಊಟಕ್ಕೆ 'ಪೇಲಿಯೊ' ಅಂತ ಹೆಸರಿಟ್ಟಿದ್ದಾರೆ. ಬಾಡು, ಮೀನು, ಮೊಟ್ಟೆ, ಸೊಪ್ಪು, ತರಕಾರಿ, ಹಣ್ಣು, ಬಾದಾಮಿ ತಿನ್ನಬಹುದು. ರಾಗಿ, ಜೋಳ, ಅಕ್ಕಿ, ಗೋಧಿ ಕೂಡದು. ಹುರುಳಿ, ಅವರೆ, ತೊಗರಿ, ಹೆಸರು, ಯಾವ ಕಾಳೂ ಕೂಡದು. ಹಾಲು ಕೂಡದು, ಸಕ್ಕರೆ ಕೂಡದು.

ಈ ಪಟ್ಟಿ ನೋಡಿ ನಮ್ಮ ಹಾಸ್ಟೆಲ್ ಹುಡುಗರು ನಗ್ತಾರೆ. ಕೂಡದು ಅಂದದ್ದೆಲ್ಲ ನಮ್ಮ ತಟ್ಟೆಯಲ್ಲಿ ದಿನಾ ಇದೆ. ಕೂಡುತ್ತದೆ ಅಂದದ್ದು ವಾರಕ್ಕೊಮ್ಮೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಗುವುದು ಸರಿಯೇ. ಆದರೆ ನಕ್ಕು ಎದ್ದುಹೋಗುವ ಮಾತಲ್ಲ ಇದು. ನಮ್ಮೊಳಗೇ ನಾಲ್ಕಕ್ಷರ ಕಲಿತು ಪಟ್ಟಣ ಸೇರಿದವರು, ಅವ್ವ ಬೀಸಿ ಕಟ್ಟಿಕೊಟ್ಟ ರಾಗಿ ಹಿಟ್ಟಿನ ಗಂಟನ್ನು ನೋಡಿ ಮೂಗು ಮುರಿಯುವ ಕಾಲ ಬಂದಿದೆ. ಆದ್ದರಿಂದ ಈ ಊಟದ ಹುಟ್ಟೇನು, ಇದರಲ್ಲಿ ನಿಜವೆಷ್ಟು, ಇದು ಬೇಕೆಂದೇ ಮರೆತದ್ದು ಯಾವುದು ಎಂದು ನಾವು ಕೂತು ವಿಚಾರ ಮಾಡಬೇಕಾಗಿದೆ.

ಹುಟ್ಟಿದ್ದು ಅಮೆರಿಕದಲ್ಲಿ. 1975ರಲ್ಲಿ ವಾಲ್ಟರ್ ವೋಗ್ಟ್ಲಿನ್ ಎಂಬ ಹೊಟ್ಟೆರೋಗದ ವೈದ್ಯ ಕಲ್ಲಿನ ಕಾಲದ ಊಟದ ಮೇಲೆ ಒಂದು ಪುಸ್ತಕ ಬರೆದ. ಮನುಷ್ಯ ಮೂಲದಲ್ಲಿ ಮಾಂಸಾಹಾರಿ ಎಂಬುದು ಅವನ ವಾದ. 1985ರಲ್ಲಿ ಬಾಯ್ಡ್ ಈಟನ್, ಮೆಲ್ವಿನ್ ಕಾನರ್ ಎಂಬಿಬ್ಬರು ಅಲ್ಲಿನ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಇದೇ ವಿಚಾರವನ್ನು ಇನ್ನಷ್ಟು ಎಚ್ಚರದಿಂದ ಮಂಡಿಸಿದರು. 2002ರಲ್ಲಿ ಲೊರೆನ್ ಕಾರ್ಡೇನ್ ಎಂಬ ಪ್ರೊಫೆಸರು 'ದಿ ಪೇಲಿಯೊ ಡಯಟ್' ಎಂಬ ಪುಸ್ತಕ ತಂದರು. ಅಲ್ಲಿಂದ ಮುಂದೆ ವಿಚಾರ ಹೋಗಿ ವ್ಯಾಪಾರವಾಯಿತು. ಒಣಮಾಂಸ ಪೊಟ್ಟಣದಲ್ಲಿ ಬಂತು. ಮೂಳೆ ಸಾರು ಡಬ್ಬಿಯಲ್ಲಿ ಬಂತು. ಗವಿಯಲ್ಲಿದ್ದವನ ಊಟಕ್ಕೆ ಬೆಲೆ ಚೀಟಿ ಅಂಟಿಸಿ ಮಾರತೊಡಗಿದರು.

ಇವರ ವಾದ ಇಷ್ಟು. ಮನುಷ್ಯನ ಕುಲ ಇಪ್ಪತ್ತೈದು ಲಕ್ಷ ವರ್ಷ ಬೇಟೆ ಮತ್ತು ಗೆಡ್ಡೆಗೆಣಸಿನ ಮೇಲೆ ಬದುಕಿತು. ಬೇಸಾಯ ಬಂದು ಹತ್ತು ಹನ್ನೆರಡು ಸಾವಿರ ವರ್ಷ ಮಾತ್ರ. ಇಷ್ಟರಲ್ಲಿ ಮನುಷ್ಯನ ಮೈ ಬದಲಾಗಲು ಪುರಸೊತ್ತು ಸಿಕ್ಕಿಲ್ಲ. ಹಾಗಾಗಿ ಕಾಳುಕಡಿ ನಮ್ಮ ಮೈಗೆ ಒಗ್ಗದ ಪದಾರ್ಥ.

ಇದರಲ್ಲಿ ನಿಜದ ಪಾಲೂ ಇದೆ, ಅದನ್ನು ಒಪ್ಪೋಣ. ಸಕ್ಕರೆ, ಬಾಟ್ಲಿ ಪಾನೀಯ, ಪೊಟ್ಟಣದಲ್ಲಿ ಬರುವ ಕರಿದ ತಿಂಡಿ ಬಿಟ್ಟು, ಸೊಪ್ಪು ತರಕಾರಿ ಮೊಟ್ಟೆ ಮೀನು ತಿಂದರೆ ಯಾರ ಮೈಯಾದರೂ ಹಗುರಾಗುತ್ತದೆ. ಆದರೆ ಅದಕ್ಕೆ ಕಲ್ಲಿನ ಕಾಲದ ಸಾಕ್ಷಿ ಕರೆಸುವುದು ಯಾಕೆ? ಕರೆಸಿದ ಮೇಲೆ ಆ ಸಾಕ್ಷಿ ಹೇಳುವುದನ್ನು ಪೂರ್ತಿಯಾಗಿ ಕೇಳಬೇಕಲ್ಲವೆ?

ಕೇಳೋಣ. ಇಸ್ರೇಲಿನ ಗಲಿಲೀ ಸರೋವರದ ದಂಡೆಯಲ್ಲಿ ಒಹಾಲೊ ಎಂಬ ಕಡೆ 23,000 ವರ್ಷಗಳ ಹಿಂದಿನ ಗುಡಿಸಲುಗಳು ಸಿಕ್ಕಿವೆ. ಅಲ್ಲಿದ್ದವರು ಕಾಡು ಬಾರ್ಲಿ, ಕಾಡು ಗೋಧಿ ಕೂಡಿಹಾಕಿ ಕಲ್ಲಿನ ಮೇಲೆ ಅರೆಯುತ್ತಿದ್ದರು. ಇಟಲಿಯ ಒಂದು ಗವಿಯಲ್ಲಿ ಸಿಕ್ಕ 32,000 ವರ್ಷ ಹಳೆಯ ಗುಂಡುಕಲ್ಲಿಗೆ ಕಾಡು ಓಟ್ಸ್ ಹಿಟ್ಟು ಮೆತ್ತಿಕೊಂಡಿತ್ತು ಎಂದು 2015ರಲ್ಲಿ ತಿಳಿಯಿತು. ಜೋರ್ಡಾನಿನಲ್ಲಿ 14,000 ವರ್ಷಕ್ಕೂ ಹಿಂದಿನ ಒಲೆಯೊಳಗೆ ಸುಟ್ಟ ರೊಟ್ಟಿಯ ಚೂರು ಸಿಕ್ಕಿದ್ದು 2018ರಲ್ಲಿ ಬೆಳಕಿಗೆ ಬಂತು. ಅಲ್ಲಿ ಬೇಸಾಯ ಶುರುವಾಗಲು ಇನ್ನೂ ನಾಲ್ಕು ಸಾವಿರ ವರ್ಷ ಬಾಕಿ ಇತ್ತು. ನಮಗಿಂತ ಮೊದಲಿನ ನಿಯಾಂಡರ್ತಲ್ ಮನುಷ್ಯನ ಹಲ್ಲಿನ ಕಿಟ್ಟದಲ್ಲೂ ಬೇಯಿಸಿದ ಕಾಳಿನ ಕಣಗಳು ಇರಾಕಿನ ಶನಿದಾರ್ ಗವಿಯಲ್ಲಿ ದೊರೆತಿವೆ. ಬೀಸುವ ಕಲ್ಲು ನೇಗಿಲಿಗಿಂತ ಹಿರಿಯದು. ಕಲ್ಲಿನ ಕಾಲದವನು ಹಿಟ್ಟು ತಿನ್ನುತ್ತಿರಲಿಲ್ಲ ಎಂಬುದು ಇವರು ಮನೆಯಲ್ಲಿ ಕೂತು ಕಟ್ಟಿದ ಮಾತು.

ಇನ್ನು ಮೈ ಬದಲಾಗಿಲ್ಲ ಅನ್ನುವುದು. ದೊಡ್ಡವರಾದ ಮೇಲೂ ಹಾಲನ್ನು ಅರಗಿಸಿಕೊಳ್ಳುವ ಗುಣ ದನ ಸಾಕಿದ ಜನರಲ್ಲಿ ಕೆಲವೇ ಸಾವಿರ ವರ್ಷಗಳಲ್ಲಿ ಹರಡಿತು. ಇದು ಪಠ್ಯಪುಸ್ತಕಕ್ಕೆ ಬಂದಿರುವ ಸಂಗತಿ.

ಇವರು ತಿನ್ನುವ ಪದಾರ್ಥವಾದರೂ ಕಲ್ಲಿನ ಕಾಲದ್ದೆ? ಕಾಡು ಬಾದಾಮಿಯಲ್ಲಿ ವಿಷ ಇರುತ್ತದೆ. ತಿನ್ನಬಹುದಾದ ಬಾದಾಮಿಯನ್ನು ಆರಿಸಿ ಬೆಳೆಸಿದವರು ರೈತರು. ಎಲೆಕೋಸು, ಹೂಕೋಸು, ಬ್ರೊಕೋಲಿ ಮೂರೂ ಒಂದೇ ಕಾಡುಗಿಡದಿಂದ ರೈತರ ಕೈ ತೆಗೆದವು. ಆರು ವಾರಕ್ಕೆ ಕೊಬ್ಬಿ ಕಡಿಯಲು ಬರುವ ಫಾರಂ ಕೋಳಿ ಯಾವ ಕಾಡಿನಲ್ಲಿ ಓಡಾಡಿತ್ತು? ಅದು ತಿಂದು ಬೆಳೆದದ್ದೂ ಮೆಕ್ಕೆಜೋಳವನ್ನೇ. ರೈತ ಬೇಡ, ರೈತನ ಬೆಳೆ ಬೇಕು. ಇದು ನಮಗೆ ಹೊಸ ಬುದ್ಧಿಯೇನಲ್ಲ.

ಕಲ್ಲಿನ ಕಾಲದ ಊಟ ಎಂಬ ಒಂದೇ ಒಂದು ಊಟ ಲೋಕದಲ್ಲಿ ಯಾವತ್ತೂ ಇರಲಿಲ್ಲ. ಹಿಮದ ಸೀಮೆಯ ಇನ್ಯೂಟ್ ಜನ ಸೀಲು, ಮೀನು ತಿಂದು ಬದುಕಿದರು. ತಾಂಜಾನಿಯಾದ ಹಾಡ್ಜಾ ಜನ ಜೇನು, ಗೆಡ್ಡೆ, ಬವೊಬಾಬ್ ಮರದ ಹಣ್ಣು, ಬೇಟೆ ಎಲ್ಲವನ್ನೂ ತಿನ್ನುವವರು. ಆಫ್ರಿಕದ ಕಲಹಾರಿ ಮರುಭೂಮಿಯ ಸಾನ್ ಜನರ ಜೊತೆ 1960ರ ದಶಕದಲ್ಲಿ ಇದ್ದು ಅವರ ಊಟವನ್ನು ತೂಗಿ ಲೆಕ್ಕವಿಟ್ಟ ರಿಚರ್ಡ್ ಲೀ ಎಂಬ ಮಾನವಶಾಸ್ತ್ರಜ್ಞನಿಗೆ, ಅವರ ಹೊಟ್ಟೆ ತುಂಬಿಸುತ್ತಿದ್ದುದು ಬಹುಪಾಲು ಹೆಂಗಸರು ಆಯ್ದು ತಂದ ಕಾಯಿ, ಬೇರು, ಬೀಜ ಎಂದು ತಿಳಿಯಿತು. ಗಂಡಸಿನ ಬಿಲ್ಲು ಬಾಣದ ಚಿತ್ರವನ್ನು ಪುಸ್ತಕದ ಹೊದಿಕೆಗೆ ಹಾಕುವವರು ಆ ಹೆಂಗಸಿನ ಅಗೆಯುವ ಕೋಲನ್ನು ಹಾಕುವುದಿಲ್ಲ.

ಇಷ್ಟು ವಿಜ್ಞಾನದ ಮಾತಾಯಿತು. ಇದನ್ನು ಬೇರೆಯವರೂ ಹೇಳಿದ್ದಾರೆ. ನಮ್ಮ ತಕರಾರು ಇದಕ್ಕಿಂತ ದೊಡ್ಡದು.

ಅದೇ ಸಾನ್ ಜನರಲ್ಲಿ ಬೇಟೆ ಬಿದ್ದರೆ ಬಾಡು ಯಾರದು? ಕೊಂದವನದಲ್ಲ. ಯಾರ ಬಾಣ ನಾಟಿತೋ ಅವರದು. ಬಾಣಗಳನ್ನು ಅವರು ಒಬ್ಬರಿಗೊಬ್ಬರು ಕೊಟ್ಟು ಇಸಕೊಂಡು ಇರುತ್ತಾರೆ. ಹಾಗಾಗಿ ಬೇಟೆಗೆ ಹೋಗದ ಮುದುಕನೋ ಹೆಂಗಸೋ ಕೂಡ ಬಾಣದ ಒಡೆಯರಾಗಿ ಬಾಡು ಹಂಚುವವರಾಗಬಹುದು. ಹಂಚಿದ್ದು ಕೈಯಿಂದ ಕೈಗೆ ಹೋಗಿ ಇಡೀ ಹಟ್ಟಿಗೆ ಮುಟ್ಟುತ್ತದೆ. ಇನ್ನೊಂದು ರಿವಾಜೂ ಇದೆ. ದೊಡ್ಡ ಬೇಟೆ ತಂದವನನ್ನು ಯಾರೂ ಹೊಗಳುವುದಿಲ್ಲ. ಇದೇನು ಮೂಳೆಚಕ್ಕಳ ತಂದೆ ಅಂತ ಹಂಗಿಸುತ್ತಾರೆ. ಲೀ ಒಂದು ಕ್ರಿಸ್‌ಮಸ್ಸಿಗೆ ಆ ಜನರಿಗೆಂದು ಕೊಬ್ಬಿದ ಎತ್ತೊಂದನ್ನು ಕೊಂಡಾಗ ಅವನಿಗೂ ಅದೇ ಮರ್ಯಾದೆ ಆಯಿತು. ಬಡಕಲು ಎತ್ತು ಅಂತ ದಿನಗಟ್ಟಲೆ ಅಣಕಿಸಿದರು. ಆಮೇಲೆ ಕಾರಣ ತಿಳಿಯಿತು. ಹೊಗಳಿದರೆ ಬೇಟೆಗಾರನಿಗೆ ಕೊಬ್ಬು ಬರುತ್ತದೆ, ತಾನೇ ಯಜಮಾನ, ಮಿಕ್ಕವರು ಆಳುಗಳು ಅಂದುಕೊಳ್ಳುತ್ತಾನೆ, ಮುಂದೊಂದು ದಿನ ಯಾರನ್ನಾದರೂ ಕೊಂದೇಬಿಡುತ್ತಾನೆ ಎಂಬ ಭಯ. ಬಾಡು ಕೊಟ್ಟವನು ಧಣಿಯಾಗಬಾರದು ಎಂದು ಕಟ್ಟಿದ ಏರ್ಪಾಡು ಅದು. ಲೀ ಇದನ್ನು 1969ರಲ್ಲಿ ಬರೆದು ಪ್ರಕಟಿಸಿದ.

ಗೆಳೆಯರೇ, ಬೇಟೆಗಾರರಿಂದ ಕಲಿಯಬೇಕಾದ್ದು ಇದ್ದರೆ ಅದು ಇದು. ಪೇಲಿಯೊ ಪಂಡಿತರು ಕಲಿತರೆ? ಅವರ ಪುಸ್ತಕ ತೆಗೆದು ನೋಡಿ. ಬೆಳಿಗ್ಗೆ ಎಷ್ಟು ಗ್ರಾಂ, ರಾತ್ರಿ ಎಷ್ಟು ಗ್ರಾಂ ಅಂತ ಪಟ್ಟಿ ಇದೆ. ಪಕ್ಕದ ಮನೆಗೆ ಎಷ್ಟು ಅಂತ ಇಲ್ಲ. ಬಾಡು ತಗೊಂಡರು, ಪಾಲು ಬಿಟ್ಟರು. ಕಲ್ಲಿನ ಕಾಲದಿಂದ ತಮಗೆ ಬೇಕಾದ ತುಂಡನ್ನು ಕೊಯ್ದುಕೊಂಡು ಮಿಕ್ಕದ್ದನ್ನು ನಾಯಿಗೆ ಎಸೆದರು.

ನಿಜವಾಗಿ ಬೇಟೆಯಾಡಿ ಬದುಕಿದವರ ಗತಿ ಏನಾಗಿದೆ, ಅದನ್ನೂ ನೋಡೋಣ. ಬೋಟ್ಸ್‌ವಾನಾ ಸರ್ಕಾರ 1997ರಲ್ಲಿ, ಮತ್ತೆ 2002ರಲ್ಲಿ ಸಾನ್ ಜನರನ್ನು ಅವರ ಕಲಹಾರಿಯಿಂದಲೇ ಎತ್ತಂಗಡಿ ಮಾಡಿಸಿತು. ಅದು ಕಾನೂನಿಗೆ ವಿರುದ್ಧ, ಅವರಿಗೆ ಬೇಟೆಯ ಪರವಾನಗಿ ಕೊಡದೆ ಇದ್ದದ್ದೂ ತಪ್ಪು ಎಂದು ಅಲ್ಲಿನ ಹೈಕೋರ್ಟು 2006ರಲ್ಲಿ ಹೇಳಿತು. ತೀರ್ಪು ಬಂದ ಮೇಲೂ ಪರವಾನಗಿ ಸುಲಭಕ್ಕೆ ಸಿಗಲಿಲ್ಲ. 2014ರಿಂದ 2019ರವರೆಗೆ ಆ ದೇಶದಲ್ಲಿ ಬೇಟೆಗೇ ನಿಷೇಧ ಬಿತ್ತು. ದುಡ್ಡು ಕೊಟ್ಟು ಖಾಸಗಿ ಬೇಟೆ ಜಮೀನಿಗೆ ಹೋಗುವವರಿಗೆ ಮಾತ್ರ ವಿನಾಯಿತಿ. ಅಮೆರಿಕದವನು ಕಲಹಾರಿಯವನ ಊಟವನ್ನು ಪುಸ್ತಕ ಓದಿ ತಿನ್ನುತ್ತಾನೆ. ಕಲಹಾರಿಯವನು ತನ್ನ ಊಟ ತಾನು ತಿಂದರೆ ಅಪರಾಧಿ.

ದೂರದ ಮಾತು ಬಿಡಿ, ನಾಗರಹೊಳೆಗೆ ಬನ್ನಿ. ಜೇನುಕುರುಬರು ಆ ಕಾಡಿನ ಜೇನು, ಗೆಣಸು, ಕಳಲೆ, ಬೇಟೆ ತಿಂದು ಬಾಳಿದವರು. 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಲ್ಲಿಸಿತು. ಆಮೇಲೆ ಹಾಡಿಗಳನ್ನೇ ಎತ್ತಿಸಿದರು. ಎಷ್ಟೋ ಮಂದಿ ಕೊಡಗಿನ ಕಾಫಿ ತೋಟಗಳ ಲೈನ್ ಮನೆಗೆ ಬಿದ್ದರು. 2006ರ ಅರಣ್ಯ ಹಕ್ಕು ಕಾಯ್ದೆ ಜೇನು, ಗೆಡ್ಡೆಗೆಣಸಿನ ಹಕ್ಕನ್ನು ಕೊಟ್ಟಿತು, ಬೇಟೆಯ ಹಕ್ಕು ಇಲ್ಲವೆಂದು ಅದರಲ್ಲೇ ಬರೆಯಿತು. ಕೊಟ್ಟ ಹಕ್ಕಾದರೂ ಕೈಗೆ ಬಂತೆ? 2025ರ ಮೇ ತಿಂಗಳಲ್ಲಿ ಐವತ್ತರಷ್ಟು ಜೇನುಕುರುಬ ಕುಟುಂಬಗಳು ಕರಡಿಕಲ್ಲಿನ ತಮ್ಮ ಹಿರಿಯರ ನೆಲಕ್ಕೆ ತಾವೇ ಮರಳಿ ಗುಡಿಸಲು ಹಾಕಬೇಕಾಯಿತು. ಹುಲಿ ಜಿಂಕೆ ಕೊಲ್ಲಿ ಅಂತ ನಾವು ಹೇಳುತ್ತಿಲ್ಲ. ಕಾಡು ಉಳಿಯಬೇಕು. ಆದರೆ ಕಾಡಿನ ಊಟ ಪಟ್ಟಣದವನಿಗೆ ಆರೋಗ್ಯ, ಕಾಡಿನವನಿಗೆ ಕೇಸು, ಇದು ಯಾವ ನ್ಯಾಯ?

ಬಾಡಿನ ವಿಷಯದಲ್ಲಿ ನಮ್ಮ ನಾಡಿನ ಬೂಟಾಟಿಕೆ ಇನ್ನೂ ದಪ್ಪ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ ಇಸಾಂಪುರ ಎಂಬ ಊರಿದೆ. ಸುಮಾರು 12 ಲಕ್ಷ ವರ್ಷಗಳ ಹಿಂದೆ ಅಲ್ಲಿ ಮನುಷ್ಯರು ಕಲ್ಲು ಒಡೆದು ಕೈಗೊಡಲಿ ಮಾಡುತ್ತಿದ್ದರು. ಆ ಕಾಲವನ್ನು ಲೆಕ್ಕ ಹಾಕಿದ್ದು ಅಲ್ಲೇ ಸಿಕ್ಕ ದನದ ಕುಲದ ಪ್ರಾಣಿಯ ಹಲ್ಲುಗಳಿಂದ. ಅದೇ ಸೀಮೆಯ ಬೂದಿಹಾಳದ ಬೂದಿದಿಬ್ಬವನ್ನು ಕೆ. ಪದ್ದಯ್ಯನವರು ಅಗೆದಾಗ, ನಾಲ್ಕು ಸಾವಿರ ವರ್ಷ ಹಿಂದಿನ ದನಗಾಹಿಗಳು ದನ ಕಡಿದು ಪಾಲು ಹಾಕುತ್ತಿದ್ದ ನೆಲವೇ ಸಿಕ್ಕಿತು. ಈ ನೆಲದ ಹಳೆಯ ಊಟ ಯಾವುದು ಎಂದು ನೆಲವೇ ಹೇಳುತ್ತಿದೆ. ಆದರೂ 2021ರಲ್ಲಿ ಜಾರಿಯಾದ ಕಾಯ್ದೆಯ ಪ್ರಕಾರ ಈ ನಾಡಿನಲ್ಲಿ ಹಸು, ಎತ್ತು, ಕರು ಕಡಿದರೆ ಮೂರರಿಂದ ಏಳು ವರ್ಷ ಜೈಲು. ಅದೇ ವರ್ಷದ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಎದ್ದು ನಿಂತು ಬೇಡವೆಂದರು. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಮಳಿಗೆಗಳಲ್ಲಿ ಹೆಂಡ, ತಂಬಾಕಿನ ಸಾಲಿಗೆ ಬಾಡನ್ನೂ ಸೇರಿಸಿ ನಿಷೇಧ ಹಾಕಿದರು. ಗದ್ದಲ ಎದ್ದ ಮೇಲೆ ಮೊಟ್ಟೆಯವರೆಗೆ ಇಳಿದು ಬಂದರು.

ಹಗ್ಗಕ್ಕೆ ನೇತುಹಾಕಿ ಒಣಗಿಸಿದ ಬಾಡು ನಮ್ಮ ಕೇರಿಯಲ್ಲಿದ್ದರೆ ನಾತ. ಅದೇ ಒಣಬಾಡು ಹೊಳೆಯುವ ಪೊಟ್ಟಣದಲ್ಲಿ ಬಂದರೆ ಪ್ರೋಟೀನು. ನಮ್ಮವ್ವ ಮೂಳೆ ಬೇಯಿಸಿದರೆ ಕೀಳು ಜಾತಿಯ ಅಡಿಗೆ. ಅದೇ ಮೂಳೆ ಸಾರನ್ನು ಗಾಜಿನ ಲೋಟದಲ್ಲಿ ಹೀರಿದರೆ ಪ್ರಾಚೀನ ಮಾನವನ ಜ್ಞಾನ. ಮರಾಠವಾಡದ ದಲಿತರ ಅಡಿಗೆಯನ್ನು, ಒಣಮಾಂಸವನ್ನೂ ಸೇರಿಸಿ, ಶಾಹು ಪಾಟೋಳೆಯವರು 2015ರಲ್ಲಿ ಮರಾಠಿಯಲ್ಲಿ ಪುಸ್ತಕವಾಗಿ ಬರೆದರು. ಆ ಊಟದ ಹಿಂದೆ ಹಸಿವೂ ಇದೆ, ಅವಮಾನವೂ ಇದೆ. ಪೊಟ್ಟಣದಲ್ಲಿ ಅದೆರಡನ್ನೂ ತೆಗೆದುಹಾಕಿರುತ್ತಾರೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. 1927ರ ಮಾರ್ಚಿನಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ನಮ್ಮ ಜನಕ್ಕೆ ಸತ್ತ ದನದ ಮಾಂಸ ಬಿಡಿ, ಎಂಜಲು ಕೂಳು ಬಿಡಿ ಎಂದರು. ಇದನ್ನು ಹಿಡಿದು ಕೆಲವರು ಬಾಡೇ ಬಿಡಿ ಎಂದು ನಮಗೆ ಉಪದೇಶ ಮಾಡಲು ಬರುತ್ತಾರೆ. ಬಾಬಾಸಾಹೇಬರು ಬಿಡಿಸಿದ್ದು ಬಿಸಾಡಿದ್ದನ್ನು ಎತ್ತಿಕೊಳ್ಳುವ ಗುಲಾಮಗಿರಿಯನ್ನು. ಎಸೆದದ್ದು ಪಾಲಲ್ಲ. ಸಮಕ್ಕೆ ಕೂತು, ಎದ್ದು ನಿಂತು ಕೇಳಿ ಪಡೆದದ್ದು ಪಾಲು.

ಇನ್ನು ರಾಗಿ ಜೋಳದ ಮೇಲಿನ ಅಪವಾದ. ಬೇಸಾಯ ಬಂದ ಮೇಲೆ ಎಷ್ಟೋ ಕಡೆ ಮನುಷ್ಯ ಕುಳ್ಳಾದ, ಹಲ್ಲು ಹುಳುಕಾಯಿತು, ರೋಗ ಹೆಚ್ಚಿತು ಎಂದು ಹಳೆಯ ಎಲುಬುಗಳು ತೋರಿಸುತ್ತವೆ. ಮಾರ್ಕ್ ಕೊಹೆನ್, ಜಾರ್ಜ್ ಆರ್ಮೆಲಾಗೋಸ್ ಇಬ್ಬರೂ ಸೇರಿ 1984ರಲ್ಲಿ ಈ ಬಗ್ಗೆ ದೊಡ್ಡ ಗ್ರಂಥವನ್ನೇ ಸಂಪಾದಿಸಿದರು. ಪೇಲಿಯೊ ಪಂಡಿತರು ಇದನ್ನು ತೋರಿಸಿ, ನೋಡಿ, ಕಾಳು ವಿಷ ಅಂತಾರೆ. ನಾವು ಕೇಳುವುದು ಬೇರೆ. ಒಂದೇ ಕಾಳನ್ನು ತಿಂದು ಬದುಕುವ ಗತಿ ಯಾರಿಗೆ ಬಂತು, ಯಾಕೆ ಬಂತು? ಬೇಟೆಯ ಬಾಡನ್ನು ಬಹಳ ದಿನ ಕೂಡಿಡಲು ಆಗುವುದಿಲ್ಲ, ಹಂಚಲೇಬೇಕು. ಕಾಳನ್ನು ಕೂಡಿಡಬಹುದು. ಕೂಡಿಟ್ಟದ್ದಕ್ಕೆ ಕಣಜ ಬಂತು, ಹಗೇವು ಬಂತು. ಹಗೇವಿನ ಬಾಯಿಗೆ ಒಬ್ಬ ಕೂತ. ಕೂತವನು ಕಂದಾಯ ಕೇಳಿದ, ದಾನ ಕೇಳಿದ, ಬಿಟ್ಟಿ ಕೇಳಿದ. ಬೆಳೆದವನಿಗೆ ಗಂಜಿ, ಕೂತವನಿಗೆ ತುಪ್ಪ. ದೋಷ ಕಾಳಿನದಲ್ಲ, ಹಗೇವಿನ ಬಾಯಿಗೆ ಕೂತವನದು. ಅವನನ್ನು ಏಳು ಅನ್ನಲು ಧೈರ್ಯವಿಲ್ಲದವರು ರಾಗಿಯನ್ನು ಬಯ್ಯುತ್ತಾರೆ.

ರಾಗಿ ಆಫ್ರಿಕದಿಂದ ನಡೆದು ಬಂದು ನಮ್ಮ ಒಣ ಹೊಲದಲ್ಲಿ ಬೇರು ಬಿಟ್ಟ ಬೆಳೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ಹುರುಳಿ ಈ ದಕ್ಷಿಣದ ನೆಲದ್ದೇ ಕಾಳು. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ಹೊಸ ಶಿಲಾಯುಗದವರು ಅದನ್ನು ಬೇಯಿಸಿ ತಿಂದ ಗುರುತು ಸಿಕ್ಕಿದೆ. 100 ಗ್ರಾಂ ಹುರುಳಿಯಲ್ಲಿ 20 ಗ್ರಾಂಗೂ ಮೀರಿ ಪ್ರೋಟೀನು. ನೂರಾರು ತಲೆಮಾರು ಈ ಎರಡರ ಮೇಲೆ ಕಲ್ಲು ಹೊತ್ತು, ಕೆರೆ ತೋಡಿ, ಗದ್ದೆ ಉತ್ತ ಜನ ನಾವು. ಬೇಟೆಯ ಕಾಲದಲ್ಲಿ ಲೋಕದ ಜನಸಂಖ್ಯೆ ಇಂದಿನ ಬೆಂಗಳೂರಿನಷ್ಟೂ ಇದ್ದೀತೋ ಇಲ್ಲವೋ. 2022ರಲ್ಲಿ ಅದು 800 ಕೋಟಿ ದಾಟಿತು. ಕಾಳು ಬೇಡ ಅಂದರೆ ಇಷ್ಟು ಜನ ಏನು ತಿನ್ನಬೇಕು? ಎಲ್ಲರಿಗೂ ಆಗದ ಊಟವನ್ನು ಮನುಷ್ಯನ ಊಟ ಅಂತ ಕರೆಯುವುದು ಹೇಗೆ?

ನಮ್ಮ ಜನರಲ್ಲಿ ಪಾಲು ಇನ್ನೂ ಸತ್ತಿಲ್ಲ. ಹಳೇ ಮೈಸೂರು ಕಡೆ ಗುಡ್ಡೆ ಬಾಡು ನೋಡಿದ್ದೀರಿ. ಹತ್ತು ಮನೆಯವರು ದುಡ್ಡು ಹಾಕಿ ಕುರಿಯನ್ನೋ ಹಂದಿಯನ್ನೋ ತರುತ್ತಾರೆ. ಕಡಿದು ಮುತ್ತುಗದ ಎಲೆ ಮೇಲೋ ಬಾಳೆ ಎಲೆ ಮೇಲೋ ಗುಡ್ಡೆ ಹಾಕುತ್ತಾರೆ. ತೊಡೆ, ಪಕ್ಕೆ, ಈಲಿ, ಕರುಳು, ಮೂಳೆ, ಎಲ್ಲದರಲ್ಲೂ ಒಂದೊಂದು ಚೂರು ಎಲ್ಲ ಗುಡ್ಡೆಗೂ ಬೀಳಬೇಕು. ಒಂದರಲ್ಲಿ ಕಮ್ಮಿ ಕಂಡರೆ ಇನ್ನೊಂದರಿಂದ ತೆಗೆದು ಸಮ ಮಾಡುತ್ತಾರೆ. ಯಾರ ಗುಡ್ಡೆ ಯಾವುದು ಅಂತ ಮೊದಲೇ ಗೊತ್ತಿರುವುದಿಲ್ಲ, ಆದ್ದರಿಂದ ಹಾಕುವವನು ಮೋಸ ಮಾಡಲಾರ. ಕಲಹಾರಿಯ ಬಾಣದ ಲೆಕ್ಕಕ್ಕೂ ನಮ್ಮ ಗುಡ್ಡೆಯ ಲೆಕ್ಕಕ್ಕೂ ಬಹಳ ದೂರವಿಲ್ಲ. ಕಲ್ಲಿನ ಕಾಲದಿಂದ ಉಳಿಸಿಕೊಳ್ಳಬೇಕಾದ ಊಟ ಯಾವುದಾದರೂ ಇದ್ದರೆ ಅದು ಈ ಎಲೆ ಮೇಲಿದೆ.

ಆದರೆ ಈ ಪಾಲು ನಮ್ಮ ಕೇರಿಯ ಒಳಗೇ ನಿಂತರೆ ಸಾಲದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆ ಮಕ್ಕಳಿಗೆ ಬೇಕಾದ್ದು ಕಾಳು ಬಿಡುವ ವ್ರತವಲ್ಲ. ಮುದ್ದೆಯ ಪಕ್ಕ ಗಟ್ಟಿ ಹುರುಳಿ ಸಾರು, ಸೊಪ್ಪು, ಮೊಟ್ಟೆ, ತಿನ್ನುವವರಿಗೆ ಬಾಡು. ಇದು ಸಾರ್ವಜನಿಕ ಹಣದ ಹಗೇವಿನಿಂದ ಬರಬೇಕಾದ ಪಾಲು, ಯಾರ ಕೃಪೆಯೂ ಅಲ್ಲ.

ಗೆಳೆಯರೇ, ಬಾಡು ತಿನ್ನುವವರು ನಾಚದೆ ತಿನ್ನಿ. ರಾಗಿ ತಿನ್ನುವವರು ತಲೆ ಎತ್ತಿ ತಿನ್ನಿ. ಯಾವನೋ ಅಮೆರಿಕದಲ್ಲಿ ಹೊಗಳಿದ ಅಂತ ನಮ್ಮ ಬಾಡು ದೊಡ್ಡದಾಗಲಿಲ್ಲ, ಬಯ್ದ ಅಂತ ನಮ್ಮ ಮುದ್ದೆ ಸಣ್ಣದಾಗಲಿಲ್ಲ. ನಿಮ್ಮ ಹಾಸ್ಟೆಲಿನ ಗೋಡೆಯ ಮೇಲೆ ವಾರದ ಊಟದ ಪಟ್ಟಿ ಅಂಟಿಸಿರುತ್ತಾರೆ. ನಾಳೆ ಊಟಕ್ಕೆ ಹೋದಾಗ ಅದನ್ನು ನಿಧಾನವಾಗಿ ಓದಿ. ಬರೆದದ್ದಕ್ಕೂ ತಟ್ಟೆಗೆ ಬಿದ್ದದ್ದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ಒಂದು ವಾರ ಗುರುತು ಹಾಕಿಕೊಳ್ಳಿ. ಆಮೇಲೆ ಎಲ್ಲರೂ ಸೇರಿ ಹೋಗಿ ಕೇಳಿ.